ಒಂದು ಗೇಣು ಹಗ್ಗ

ಕುಪ್ಪ ಹರಿಕಂತ್ರ ಅವರೊಂದಿಗೆ ಮೊದಲ ಮಾತುಕತೆಯನ್ನು ಗೊತ್ತುಪಡಿಸಿಕೊಟ್ಟವರು ಹಬ್ಬುವಾಡದ ಗಾಯತ್ರಿ. ಅವರು ಕುಪ್ಪರ ತಮ್ಮನ ಮಗಳು, ಕಾರವಾರದ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ದೋಣಿ ತಳ್ಳುವಾಗ, ಬಲೆ ಎಳೆಯುವಾಗ, ದಿಮ್ಮಿ ಸಾಗಿಸುವಾಗ ಹತ್ತಾರು ಜನ ಒಂದೇ ಉಸಿರಿನಲ್ಲಿ ಹಾಕುವ ಕೂಗುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತ ನಾನು ಆ ವರ್ಷ ಅಂಕೋಲೆಯ ಕಡೆಯಿಂದ ಉತ್ತರಕ್ಕೆ ಬರುತ್ತಿದ್ದೆ. ಮಾಜಾಳಿಯಲ್ಲಿ ರಂಪಣಿ ಬಲೆಗೆ ಕೂಗು ಹಾಕುತ್ತಿದ್ದವರೊಬ್ಬರು ಇನ್ನೂ ಇದ್ದಾರೆಂದು ಗಾಯತ್ರಿ ಹೇಳಿದಾಗ, ಅವರ ಮನೆಗೆ ಹೋಗಲು ಅನುಮತಿ ಕೇಳಿಕೊಡಿ ಎಂದೆ.

ಅನುಮತಿ ಸುಲಭವಾಗಿ ಸಿಗಲಿಲ್ಲ. ಮೊದಲ ಸಲ ಫೋನಿನಲ್ಲಿ ಕುಪ್ಪ, "ಹಾಡೂಕೆ ನಾನೆಂತ ನಾಟಕದವನಾ?" ಎಂದು ಕೇಳಿ ಇಟ್ಟುಬಿಟ್ಟರಂತೆ. ಎರಡನೆಯ ಸಲ ಫೋನ್ ಎತ್ತಿದ್ದು ಅವರ ಹೆಂಡತಿ ನಾಗಿ. "ಅಕ್ಕೋರು ಬರಲಿ. ಚಾ ಕುಡೀಲಿ. ಇವರು ಬಾಯಿ ಬಿಟ್ರೆ ನಿಮ್ಮ ಪುಣ್ಯ, ಬಿಡದಿದ್ರೆ ನನಗೆ ಮಾತಾಡೂಕೆ ಒಂದು ಜನ ಆಯ್ತು" ಎಂದರು.

ಹಾಗೆ ಜುಲೈ ತಿಂಗಳ ಒಂದು ಮಳೆ ಬಿಟ್ಟ ಬೆಳಿಗ್ಗೆ ನಾನು ಮಾಜಾಳಿಗೆ ಹೋದೆ. ಕುಪ್ಪ ಜಗಲಿಯಲ್ಲಿ ಕುಳಿತು ಬಲೆಯ ಹರಕು ಹೊಲಿಯುತ್ತಿದ್ದರು. ಎಪ್ಪತ್ತು ದಾಟಿದ ಉದ್ದನೆಯ ದೇಹ. ಕತ್ತು ಸಪೂರ, ಎದೆ ಮಾತ್ರ ಇನ್ನೂ ಪೀಪಾಯಿಯಂತೆ ಅಗಲ. ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಕೂಗು ಹಾಕಿ ತೋರಿಸುತ್ತೀರಾ ಎಂದಾಗ ಮಾತ್ರ ಸೂಜಿ ನಿಂತಿತು.

"ಹಗ್ಗ ಎಲ್ಲಿದೆ?" ಎಂದು ಸುತ್ತ ನೋಡಿದರು. "ಹಗ್ಗ ಇಲ್ದೆ ಹೇಗೆ ಬತ್ತದೆ ಅಕ್ಕೋರೆ? ಅದು ಬಾಯಲ್ಲಿ ಇಲ್ಲ. ಎಳೆಯುವವರ ಕೈ ನನ್ನ ಎದೆ ಜಗ್ಗಬೇಕು, ಆವಾಗ ಬತ್ತದೆ."

ನಾಗಿ ಒಳಗಿನಿಂದಲೇ, "ಮದುವೆ ಆದ ವರ್ಷ ಬಾವಿ ಹಗ್ಗ ಎಳೆಯೂಕೂ ಕೂಗು ಹಾಕ್ತಿದ್ರು. ಈಗ ಅದೂ ಇಲ್ಲ, ಮೋಟಾರು ಬಂತು" ಎಂದರು.

ಆ ದಿನ ನಾನು ಬರೆದುಕೊಂಡದ್ದು ಅವರ ಬದುಕಿನ ಹಾದಿ. ರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಮೀನಿನ ಹಿಂಡು ತೀರಕ್ಕೆ ಬಂದಾಗ ದೋಣಿಯವರು ಅದನ್ನು ಸುತ್ತುವರಿದು ಬಲೆ ಬಿಡುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ಎರಡು ಸಾಲು ಜನ ಹಿಡಿಯುತ್ತಾರೆ. ಒಂದು ಸಾಲಿಗೆ ಇನ್ನೊಂದು ಸಾಲು ಸರಿಯಾಗಿ ಕಾಣುವುದೂ ಇಲ್ಲ, ಅಷ್ಟು ದೂರ. ಎರಡೂ ಸಾಲು ಒಂದೇ ಸಮ ಎಳೆದರೆ ಬಲೆ ನೆಟ್ಟಗೆ ಬರುತ್ತದೆ. ಒಂದು ಸಾಲು ಮುಂದಾದರೆ ಬಲೆ ಓರೆಯಾಗಿ ಮೀನೆಲ್ಲ ಹೊರಗೆ. ಕುಪ್ಪರ ಕೆಲಸ ನಡುವೆ ನಿಂತು ಕೂಗು ಹಾಕುವುದು. ಅವರು ಒಂದು ಸಾಲು ಹೇಳಬೇಕು, ಎರಡೂ ಕಡೆಯವರು "ಹೋಯ್" ಎಂದು ಉತ್ತರಿಸಿ ಒಂದು ಹೆಜ್ಜೆ ಹಿಂದಕ್ಕೆ ಎಳೆಯಬೇಕು. ಇಪ್ಪತ್ತು ತುಂಬುವ ಮೊದಲೇ ಅವರಿಗೆ ಆ ಸ್ಥಾನ ಬಂತು. ಕೂಗು ಹಾಕುತ್ತಿದ್ದ ಮುದುಕನ ದನಿ ಗಾಳಿಗೆ ಎದುರಾಗಿ ಹೋಗದ ಒಂದು ದಿನ ಇವರ ದನಿ ಎರಡೂ ಸಾಲಿಗೆ ಮುಟ್ಟಿತು, ಅಷ್ಟೆ.

ಯಂತ್ರದ ಬೋಟುಗಳು ಹೆಚ್ಚಿದ ಮೇಲೆ ಆ ರಂಪಣಿಯ ಪಾಲುದಾರರು ಬಲೆಯನ್ನು ಹಂಚಿಕೊಂಡರು. ಕುಪ್ಪ ಬೇರೆಯವರ ಬೋಟಿನಲ್ಲಿ ಖಲಾಸಿಯಾಗಿ, ಅಂದರೆ ಕೂಲಿಯ ಆಳಾಗಿ, ದುಡಿದರು. ಬೋಟಿನ ಮೇಲೆ ಬಲೆ ಎತ್ತುವುದು ಯಂತ್ರ. ಯಂತ್ರದ ಸದ್ದಿನಲ್ಲಿ ಕೂಗು ಹಾಕಿ ಏನು ಪ್ರಯೋಜನ? ಅವರು ಸುಮ್ಮನಾದರು. ಮೀನು ಮಾರಿ ಮನೆ ನಡೆಸಿದ ನಾಗಿಯೂ, ಒಬ್ಬಳೇ ಮಗಳು ಮಂಗಲಾ ಕೂಡ ಅವರ ಕೂಗನ್ನು ಕೇಳಿ ವರ್ಷಗಳೇ ಆಗಿದ್ದವು.

ನಾನು ಏಳುವಾಗ ಕುಪ್ಪ ಒಂದು ಮಾತು ಸೇರಿಸಿದರು. "ಮಗಳ ಬೋಟಿನ ಮಶಿನ್ ಕೆಲಸ ನಡೀತಾ ಉಂಟು, ಸದಾಶಿವಗಡದಲ್ಲಿ. ಆವತ್ತು ಹಗ್ಗ ಹಿಡೀಲಿಕ್ಕೆ ಉಂಟು. ಬಂದ್ರೆ ಬನ್ನಿ."

ನನ್ನನ್ನು ನಯವಾಗಿ ಸಾಗಹಾಕಿದರೆಂದು ಅಂದುಕೊಂಡೆ. ಎಂಜಿನ್ನಿನ ಕೆಲಸಕ್ಕೆ ಹಗ್ಗ ಯಾಕೆ ಎಂಬುದು ಹೊಳೆಯಲಿಲ್ಲ. ಆದರೂ ಕರೆದ ದಿನ ಹೋದೆ.

ಸದಾಶಿವಗಡದ ಕೆಳಗೆ ಕಾಳಿ ನದಿಯ ದಂಡೆಯಲ್ಲಿ ಬೋಟು ಮರದ ಆನಿಕೆಗಳ ಮೇಲೆ ನಿಂತಿತ್ತು. ಮುಖ ಊರಿಗೆ, ಹಿಂಭಾಗ ನೀರಿಗೆ. ಮಂಗಲಾ ಮತ್ತು ಅವಳ ಗಂಡ ರೂಪೇಶ ಇಬ್ಬರೂ ಸೇರಿ ಕೊಂಡ ಬೋಟು ಅದು. ರೂಪೇಶನೇ ಅದರ ತಾಂಡೇಲ, ಅಂದರೆ ಬೋಟು ನಡೆಸುವವನು. ಹಿಂದಿನ ಹಂಗಾಮಿನ ಕೊನೆಗೆ ಎಂಜಿನ್ ಸೋತಿತ್ತು. ಒಳಗಿನ ಕ್ಯಾಮ್ ಶಾಫ್ಟಿನ ಉಬ್ಬುಗಳು ಸವೆದು, ಅವು ಎತ್ತಬೇಕಾದ ವಾಲ್ವುಗಳು ಸರಿಯಾಗಿ ತೆರೆಯುತ್ತಿರಲಿಲ್ಲ. ಮಳೆಗಾಲದ ನಿಷೇಧದ ಎರಡು ತಿಂಗಳಲ್ಲಿ ಎಂಜಿನ್ ಅಂಕೋಲೆಗೆ ಹೋಗಿ, ಆಶಿಷ ಗಾಂವಕರರ ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿ, ಹೊಸ ಕ್ಯಾಮ್ ಶಾಫ್ಟ್ ಕೂರಿಸಿಕೊಂಡು ಬಂದಿತ್ತು. ಬೋಟಿನ ಬಾಯಿ ಕಿರಿದು. ಮೇಲಿನ ಮುಚ್ಚಳದಂಥ ಹೆಡ್ ಸಮೇತ ಎಂಜಿನ್ ಒಳಗಿಳಿಯುವುದಿಲ್ಲ. ಆದ್ದರಿಂದ ಹೆಡ್ಡನ್ನು ಬೋಟಿನೊಳಗೇ ಕೂರಿಸಿ, ವಾಲ್ವುಗಳ ಸಂದು ಅಳೆಯುವ ಕೆಲಸವನ್ನು ಅಲ್ಲಿಯೇ ಮಾಡಬೇಕಿತ್ತು. ಮಿಸ್ತ್ರಿಗಳು ಇದಕ್ಕೆ ಟ್ಯಾಪೆಟ್ ಇಡುವುದು ಎನ್ನುತ್ತಾರೆ.

ಆಶಿಷ ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೇಳಿದಾಗ ಕೈಯ ಕೆಲಸ ಬಿಡದೆ ವಿವರಿಸಿದರು. ವಾಲ್ವನ್ನು ಒತ್ತುವ ತೋಳಿಗೂ ವಾಲ್ವಿನ ತಲೆಗೂ ನಡುವೆ ಒಂದು ಸಂದು ಇರಬೇಕು. ಬಿಸಿಯಾದಾಗ ಉಕ್ಕು ಬೆಳೆಯುತ್ತದೆ. ಸಂದು ಸಾಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಂದು ಹೆಚ್ಚಾದರೆ ಬಡಿದು ಬಡಿದು ಹೊಸ ಶಾಫ್ಟೇ ಹಾಳಾಗುತ್ತದೆ. ಆ ಸಂದು ಉಗುರಿನಷ್ಟೂ ದಪ್ಪವಲ್ಲ. ಫೀಲರ್ ಗೇಜಿನ ತೆಳು ಉಕ್ಕಿನ ಎಲೆಯನ್ನು ಒಳಗೆ ತೂರಿಸಿ ಎಳೆದಾಗ ಕೊಂಚ ಹಿಡಿದಂತಾಗಬೇಕು, ಅಷ್ಟೆ.

"ಸಿಲಿಂಡರ್ ಆರು, ವಾಲ್ವು ಹನ್ನೆರಡು" ಎಂದರು. "ಮೊದಲನೆಯದನ್ನು ಇಡಬೇಕಾದ್ರೆ ಆರನೆಯದನ್ನು ನೋಡೂದು. ಆರನೆಯದರ ಒಂದು ವಾಲ್ವು ಮುಚ್ಚೂಕೆ, ಇನ್ನೊಂದು ತೆರೀಲಿಕ್ಕೆ, ಎರಡೂ ತಕ್ಕಡಿ ಹಂಗೆ ಸಮ ಬರೂ ಒಂದು ಜಾಗ ಉಂಟು. ಅಲ್ಲಿ ಎಂಜಿನ್ ನಿಲ್ಲಬೇಕು. ದಾಟಿದ್ರೆ ಲೆಕ್ಕ ಸಿಗೂದಿಲ್ಲ."

ಎಂಜಿನ್ನನ್ನು ಅಲ್ಲಿ ನಿಲ್ಲಿಸುವುದೇ ಕಷ್ಟ. ಮುಂಭಾಗ ಮೀನಿನ ಕೋಣೆಯ ಗೋಡೆಗೆ ಒತ್ತಿಕೊಂಡಿದೆ, ಹ್ಯಾಂಡಲ್ ಹಾಕಲು ಜಾಗವಿಲ್ಲ. ಸ್ಟಾರ್ಟರಿನಿಂದ ತಿರುಗಿಸುವಂತಿಲ್ಲ, ಹೊಸ ಶಾಫ್ಟಿನ ಮೊದಲ ಸುತ್ತಿನಲ್ಲಿ ಏನಾದರೂ ಎಡವಟ್ಟಾಗಿ ವಾಲ್ವು ಪಿಸ್ಟನ್ನಿಗೆ ತಾಗಿದರೆ ಎಲ್ಲವೂ ಬಾಗುತ್ತದೆ. ಆ ದಂಡೆಯವರು ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಹೊರಗೆ ನೀರು ತಳ್ಳುವ ಪಂಖ ಕೂರುವ ಶಾಫ್ಟಿನ ತುದಿಗೆ, ಪಂಖದ ಬದಲು ಹಲಸಿನ ಮರದ ಒಂದು ರಾಟೆ ಕೂರಿಸುತ್ತಾರೆ. ಅದಕ್ಕೆ ಹಗ್ಗ ಸುತ್ತಿ, ಬೋಟಿನ ಪಕ್ಕದ ಮರಳಿನ ಮೇಲೆ ಸಾಲಾಗಿ ನಿಂತು ಎಳೆಯುತ್ತಾರೆ. ಗೇರು ಹಾಕಿಟ್ಟರೆ ರಾಟೆಯೊಂದಿಗೆ ಒಳಗಿನ ಎಂಜಿನ್ ತಿರುಗುತ್ತದೆ. ರಂಪಣಿ ಎಳೆದ ಮುದುಕರು, ಅವರ ಹೆಂಡಂದಿರು ಎಲ್ಲ ಬಂದು ಕೈ ಹಾಕುವುದು ವಾಡಿಕೆ. ಆ ದಿನ ಬಂದವರಲ್ಲಿ ನಾಗಿ ಇದ್ದರು, ಕುಪ್ಪರ ಹಳೆಯ ಜೊತೆಗಾರ ಜಟ್ಟು ಇದ್ದರು.

ಸಮಯ ಮಾತ್ರ ಇರಲಿಲ್ಲ. ಹುಣ್ಣಿಮೆಯ ಮರುದಿನ ಅದು. ಮಧ್ಯಾಹ್ನದ ಭರತಿ, ಅಂದರೆ ಉಬ್ಬರ, ಆನಿಕೆಗಳವರೆಗೆ ಏರುವುದು ಅಂಥ ದಿನಗಳಲ್ಲಿ ಮಾತ್ರ. ಆ ನೀರು ತಪ್ಪಿದರೆ ಬೋಟು ಅಮಾವಾಸ್ಯೆಯ ತನಕ ಮರಳಿನ ಮೇಲೆಯೇ. ನಿಷೇಧ ಮುಗಿದು ಹಿಂದಿನ ದಿನವೇ ಬೇರೆ ಬೋಟುಗಳು ಹೊರಟಿದ್ದವು. ರೂಪೇಶನ ಖಲಾಸಿಗಳು ಸಂಜೆಯವರೆಗೆ ಕಾಯುವುದಾಗಿ ಹೇಳಿದ್ದರು. ಆಮೇಲೆ ಗೋವೆಯ ಬೋಟು ಹತ್ತುತ್ತಾರೆ. ಖಲಾಸಿಗಳು ಹೋದರೆ ಆ ಹಂಗಾಮಿಗೆ ಮತ್ತೆ ಸಿಗುವುದಿಲ್ಲ. ಮಂಗಲಾ ಬೋಟಿನ ಹಿಂದೆ, ನೀರಿನ ಅಂಚಿನಲ್ಲಿ ನಿಂತುಕೊಂಡಿದ್ದಳು. ಅವಳು ಮುಖ ತಿರುಗಿಸಿ ಎಂಜಿನ್ ಕಡೆ ನೋಡಿದ್ದೇ ಇಲ್ಲ. ನೀರನ್ನೇ ನೋಡುತ್ತಿದ್ದಳು.

ಹಗ್ಗ ಬಿಗಿಯಾಯಿತು. ಕುಪ್ಪ ಸಾಲಿನ ತಲೆಯಲ್ಲಿ ಸುಮ್ಮನೆ ನಿಂತಿದ್ದರು. ಆಶಿಷ ಎಂಜಿನ್ ಕೋಣೆಯಿಂದ ಕೂಗಿದರು: "ಎಳೀರಿ... ನಿಧಾನ... ನಿಧಾನ..." ರಾಟೆ ತಿರುಗಿತು. ಒಳಗೆ ವಾಲ್ವುಗಳು ಒಂದೊಂದಾಗಿ ಇಳಿದು ಏಳುತ್ತಿದ್ದವು.

"ಬಂತು, ನಿಲ್ಸಿ!"

"ಹೋಯ್!" ಎಂದಿತು ಸಾಲು, ಮತ್ತು ಒಂದು ಹೆಜ್ಜೆ ಪೂರ್ತಿ ಹಿಂದಕ್ಕೆ ಎಳೆಯಿತು.

ಒಳಗಿನಿಂದ ಆಶಿಷರ ತಲೆ ಮೇಲೆ ಬಂತು. "ನಿಲ್ಸಿ ಅಂದೆ ನಾನು!"

"ಕೇಳ್ತು ಮಾರಾಯಾ" ಎಂದರು ಜಟ್ಟು. "ಕೇಳಿಯೇ ಎಳೆದದ್ದು."

ನಕ್ಕವರು ನಕ್ಕರು. ಆದರೆ ಆದದ್ದು ಸಣ್ಣದಲ್ಲ. ದಾಟಿದ ಎಂಜಿನ್ನನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಹಲ್ಲುಚಕ್ರಗಳ ಸಡಿಲು ಇನ್ನೊಂದು ಮಗ್ಗುಲಿಗೆ ಹೋಗಿ ಅಳತೆ ಸುಳ್ಳಾಗುತ್ತದೆ. ಎರಡು ಸುತ್ತು ಪೂರ್ತಿ ಎಳೆದು ಮತ್ತೆ ಅದೇ ಜಾಗಕ್ಕೆ ಬರಬೇಕು. ಹಗ್ಗವನ್ನು ರಾಟೆಗೆ ಹೊಸದಾಗಿ ಸುತ್ತಿದರು. ಈ ಸಲ ಉತ್ತರ ಕೊಡಬೇಡಿ ಎಂದು ರೂಪೇಶ ಎಲ್ಲರಿಗೂ ಹೇಳಿದ. ಎಲ್ಲರೂ ತಲೆ ಆಡಿಸಿದರು. ಆಶಿಷ "ನಿಲ್ಸಿ" ಎಂದರು. ಬಾಯಿಗಳು ಮುಚ್ಚಿಯೇ ಇದ್ದವು. ಕೈಗಳು ಎಳೆದುಬಿಟ್ಟವು.

"ಅಯ್ಯೋ ದೇವಾ, ನನ್ನ ಕೈಗೆ ಯಾರು ಹೇಳೂದು!" ಎಂದು ನಾಗಿ ಮರಳಿನ ಮೇಲೆ ಕುಳಿತರು.

ಹಗ್ಗ ಹಿಡಿದಾಗ ಕಿವಿಗೆ ಬಿದ್ದ ಕೂಗಿಗೆಲ್ಲ ಎಳೆದೇ ಉತ್ತರ ಕೊಡುವುದು ಆ ಕೈಗಳಿಗೆ ಚಿಕ್ಕಂದಿನಿಂದ ಬಂದದ್ದು. ನಿಲ್ಲಿಸು ಎನ್ನುವ ಶಬ್ದ ರಂಪಣಿಯ ಎಳೆತದಲ್ಲಿ ಇಲ್ಲವೇ ಇಲ್ಲ. ಕೂಗು ಹಾಕುವವನು ಉಸಿರು ತೆಗೆದುಕೊಳ್ಳುವಾಗ ಎಳೆತ ತಾನಾಗಿ ನಿಲ್ಲುತ್ತದೆ. ಹಿಂದಿನ ವರ್ಷಗಳಲ್ಲಿ ಎಂಜಿನ್ ಕೆಲಸಕ್ಕೆ ಬರುತ್ತಿದ್ದ ಮಿಸ್ತ್ರಿ ಇದನ್ನು ಹೇಗೋ ನಿಭಾಯಿಸುತ್ತಿದ್ದರಂತೆ. ಆಶಿಷ ಆ ದಂಡೆಗೆ ಹೊಸಬರು.

"ನೀರು ಹಿಂದಿನ ಆನಿಕೆಗೆ ಬಂತು" ಎಂದಳು ಮಂಗಲಾ, ತಿರುಗದೆ.

ಆಶಿಷ ಕೈ ಒರೆಸಿಕೊಳ್ಳುತ್ತ ಕೆಳಗಿಳಿದು ಬಂದರು. ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. "ಕುಪ್ಪಮಾಮಾ, ಇದು ಬಾಂಗಡೆ ಬಲೆ ಅಲ್ಲ. ನನಗೆ ಬೇಕಾದ್ದು ಇಷ್ಟೇ ಇಷ್ಟು" ಎಂದು ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದರು.

ಕುಪ್ಪ ಆ ಬೆರಳುಗಳನ್ನೇ ನೋಡಿದರು. "ಎಷ್ಟು? ಸರಿಯಾಗಿ ಹೇಳು ಮಿಸ್ತ್ರಿ."

ಆಶಿಷ ಸೀಮೆಸುಣ್ಣದಿಂದ ರಾಟೆಯ ಮೇಲೆ ಗೀಟು ಎಳೆದು ಲೆಕ್ಕ ಹಾಕಿದರು. ಎಂಜಿನ್ ಮೂರು ಸುತ್ತು ತಿರುಗಿದರೆ ರಾಟೆ ಒಂದು ಸುತ್ತು. ಒಂದು ಸಿಲಿಂಡರಿನಿಂದ ಮುಂದಿನದಕ್ಕೆ ಹೋಗಲು ರಾಟೆಯ ಮೇಲಿನ ಹಗ್ಗ ಎಷ್ಟು ಸರಿಯಬೇಕು ಎಂಬುದಕ್ಕೆ ಎರಡು ಗೀಟುಗಳಾದವು. ಕುಪ್ಪ ತಮ್ಮ ಅಂಗೈ ಬಿಚ್ಚಿ ಅವುಗಳ ಮೇಲಿಟ್ಟರು. ಸರಿಯಾಗಿ ಒಂದು ಗೇಣು.

"ಆರು ಮನೆಗೆ ಆರು ಗೇಣು" ಎಂದರು ಕುಪ್ಪ. ಸಿಲಿಂಡರನ್ನು ಅವರು ಮನೆ ಎನ್ನುತ್ತಿದ್ದರು. "ಒಳಗೆ ತೋರ್ಸು ನನಗೆ."

ಇಬ್ಬರೂ ಮೇಲೆ ಹತ್ತಿದರು. ನಾನೂ ಹಿಂದೆ ಹೋದೆ. ಆಶಿಷ ಆರನೆಯ ಸಿಲಿಂಡರಿನ ಎರಡು ತೋಳುಗಳ ಮೇಲೆ ಕುಪ್ಪರ ಎರಡು ಬೆರಳುಗಳನ್ನು ಇರಿಸಿ, ಹೊರಗಿನವರಿಗೆ ಎಳೆಯಲು ಸನ್ನೆ ಮಾಡಿಸಿದರು. ಒಂದು ಬೆರಳು ಏಳುತ್ತ ಬಂತು, ಇನ್ನೊಂದು ಇಳಿಯತೊಡಗಿತು. ನಡುವೆ ಎಲ್ಲೋ ಎರಡೂ ಒಂದು ಮಟ್ಟಕ್ಕೆ ಬಂದು ದಾಟಿದವು. ಕುಪ್ಪ ಉಸಿರು ಹಿಡಿದುಕೊಂಡಿದ್ದರು. ಆ ಎದೆ ಎದ್ದದ್ದು ಹಾಗೆಯೇ ನಿಂತಿತ್ತು.

"ಇದೆಂತ, ಮಲಗಿದವನ ಉಸಿರಿದ್ದ ಹಂಗೆ ಉಂಟಲ್ಲ" ಎಂದರು. "ಬಿಟ್ಟ ಉಸಿರು ಮುಗೀತು, ಎಳೆಯೂ ಉಸಿರು ಸುರು ಆಗ್ಲಿಲ್ಲ. ಅಲ್ಲಿ."

"ಅಲ್ಲಿಯೇ" ಎಂದರು ಆಶಿಷ. ಅವರ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. "ನಾನು ಕೂಗಿದ್ರೆ ಇವರು ಎಳೀತಾರೆ. ನಾನು ಕೂಗದೆ ನಿಮಗೆ ಹೇಗೆ ಗೊತ್ತಾಗೂದು?"

ಆಶಿಷರೇ ಸ್ಪ್ಯಾನರ್ ಎತ್ತಿ ಬೋಟಿನ ಒಳಮೈಯ ಮರಕ್ಕೆ ಮೆಲ್ಲಗೆ ಬಡಿದರು. ಟೊಳ್ಳು ಮರದ ಆ ಸದ್ದು ಹೊರಗೆ ಮರಳಿನವರೆಗೆ ಕೇಳಿಸಿತು. ವಾಲ್ವು ಏಳತೊಡಗಿದಾಗ ಬೇಗ ಬೇಗ ಬಡಿಯುವುದು, ಸಮಕ್ಕೆ ಹತ್ತಿರವಾದಂತೆ ಬಡಿತದ ನಡುವೆ ಅಂತರ ಹೆಚ್ಚಿಸುವುದು, ಸಮ ಬಂದಾಗ ಬಡಿಯದೆ ಇರುವುದು. ಅಷ್ಟು ಒಪ್ಪಂದವಾಯಿತು. ಬಡಿತ ಮನುಷ್ಯನ ಕೂಗಲ್ಲವಾದ್ದರಿಂದ ಆ ಕೈಗಳು ಅದಕ್ಕೆ ಉತ್ತರಿಸುವುದಿಲ್ಲ.

ಕುಪ್ಪ ಕೆಳಗಿಳಿದು ಹಗ್ಗದ ತಲೆಗೆ ಹೋದರು. ನಾನೂ ಇಳಿದೆ. ಈ ಸಲ ಒಂದು ಕೈಯಿಂದ ಹಗ್ಗ ಹಿಡಿದುಕೊಂಡರು. ಇನ್ನೊಂದು ಕೈ ಎದೆಯ ಮೇಲೆ.

"ಕೇಳಿ" ಎಂದರು ಸಾಲಿಗೆ. "ಇವತ್ತು ಉಲ್ಟಾ. ನಾ ಹೇಳುವಾಗ ಎಳೀರಿ. ಹೆಜ್ಜೆ ಎತ್ತೂದು ಬೇಡ, ಮಣಿಕಟ್ಟು ಸಾಕು. ನನ್ನ ದನಿ ಮುಗಿದಲ್ಲಿ ಕೈ ಮುಗೀಬೇಕು. ಆಮೇಲೆ ಹೋಯ್ ಹೇಳಿ. ಹೋಯ್ ಹೇಳುವಾಗ ಹಗ್ಗ ಬರೀ ಹಿಡ್ಕೊಳ್ಳೂದು."

"ಹೋಯ್ ಅಂದು ಎಳೀದೇ ಇರೂದಾ?" ಎಂದರು ಜಟ್ಟು. "ಈ ವಯಸ್ಸಿನಲ್ಲಿ ಹೊಸ ಶಾಲೆ ಸೇರಿಸ್ತೀಯಲ್ಲೋ ಕುಪ್ಪಾ."

"ಹಳೇ ಶಾಲೇಲಿ ನೀ ಪಾಸಾದದ್ದು ಯಾವಾಗ?"

ನನ್ನ ಧ್ವನಿಮುದ್ರಣದ ಯಂತ್ರ ಆಗ ಚಾಲೂ ಇತ್ತು. ಮುಂದಿನದನ್ನು ಅದರಿಂದ ಕೇಳಿ ಬರೆಯುತ್ತಿದ್ದೇನೆ. ಆದರೂ ಅದರಲ್ಲಿ ಇಲ್ಲದ್ದು ಬಹಳ ಇದೆ.

ಮರದ ಮೇಲೆ ಬಡಿತ ಮೊದಲಾಯಿತು. ಕುಪ್ಪರ ದನಿ ಅದರ ಕೆಳಗಿನಿಂದ ಎದ್ದಿತು. ನಾನು ನಿರೀಕ್ಷಿಸಿದ್ದ ಗಟ್ಟಿ ಕೂಗು ಅದಾಗಿರಲಿಲ್ಲ. ತಗ್ಗಿದ, ಅಗಲವಾದ, ನೀರಿನ ಮೇಲೆ ಬರುವ ದನಿ. "ಆರನೇ ಮನೆಯಲ್ಲಿ ದೀಪ ಹಚ್ಚುತ್ತಾರೆ, ಒಂದನೇ ಮನೆಯ ಬಾಗಿಲು ಮುಚ್ಚಿದೆ" ಎಂಬರ್ಥದ ಸಾಲು, ಮನೆಮಾತಾದ ಕೊಂಕಣಿಯಲ್ಲಿ. ಕೊನೆಯ ಸ್ವರವನ್ನು ಅವರು ಎಳೆಯುತ್ತ ಹೋದರು. ಬಡಿತದ ಅಂತರ ಹೆಚ್ಚಾದಂತೆ ಆ ಸ್ವರ ತೆಳುವಾಯಿತು. ಸಾಲಿನ ಪಾದಗಳು ಅಲುಗಲಿಲ್ಲ, ಮಣಿಕಟ್ಟುಗಳು ಮಾತ್ರ ಒಳಗೆ ಬಾಗುತ್ತಿದ್ದವು. ರಾಟೆ ತಿರುಗುತ್ತಿರುವುದು ಅದರ ಮೇಲಿನ ಗೀಟನ್ನು ನೋಡಿದರೆ ಮಾತ್ರ ತಿಳಿಯುತ್ತಿತ್ತು. ಬಡಿತ ನಿಂತಿತು. ದನಿ ಅದೇ ಘಳಿಗೆಯಲ್ಲಿ ಮುಗಿಯಿತು. ಹಗ್ಗವೂ ನಿಂತಿತು.

"ಹೋಯ್" ಎಂದರು ಎಲ್ಲರೂ, ದೇವರ ಮುಂದೆ ಹೇಳುವಷ್ಟು ಮೆಲ್ಲಗೆ. ಯಾರೂ ಎಳೆಯಲಿಲ್ಲ.

ಒಳಗಿನಿಂದ ಆಶಿಷ, ಕೂಗಾಗದಂತೆ ಮಾತಿನ ದನಿಯಲ್ಲಿ, "ಸಮ ಉಂಟು" ಎಂದರು.

ಅವರು ಮೊದಲ ಸಿಲಿಂಡರಿನ ಎರಡು ವಾಲ್ವುಗಳಿಗೆ ಉಕ್ಕಿನ ಎಲೆ ತೂರಿಸಿ, ತಿರುಪು ತಿರುಗಿಸಿ, ನಟ್ಟು ಬಿಗಿದು, ಬಿಗಿದ ಮೇಲೆ ಮತ್ತೊಮ್ಮೆ ಎಲೆ ಎಳೆದು ನೋಡುವವರೆಗೆ ಹೊರಗಿನವರು ಹಗ್ಗವನ್ನು ಬಿಗಿಯಾಗಿಯೇ ಹಿಡಿದುಕೊಂಡಿರಬೇಕಿತ್ತು. ಸಡಿಲ ಬಿಟ್ಟರೆ ವಾಲ್ವಿನ ಸ್ಪ್ರಿಂಗುಗಳು ಎಂಜಿನ್ನನ್ನು ಕೂದಲೆಳೆಯಷ್ಟು ಹಿಂದೆ ತಳ್ಳುತ್ತವೆ. ಯಾರೂ ಬಿಡಲಿಲ್ಲ. ನಾಗಿಯ ಬಾಯಿ ಕೂಡ ಸುಮ್ಮನಿತ್ತು. ಆ ಮೌನದಲ್ಲಿ ಬೋಟಿನೊಳಗೆ ಉಕ್ಕಿನ ಎಲೆ ಸರಿಯುವ ಸದ್ದನ್ನು ಕೇಳಿದೆನೆಂದು ನಾನು ಆಗ ನಂಬಿದ್ದೆ. ಅದು ಅಷ್ಟು ದೂರ ಕೇಳಿಸಲು ಸಾಧ್ಯವಿಲ್ಲ.

ಎರಡನೆಯ ಗೇಣಿಗೆ ಐದನೆಯ ಮನೆ. ಎಂಜಿನ್ನಿನೊಳಗೆ ಬೆಂಕಿ ಹೊತ್ತುವ ಕ್ರಮ ಸಾಲಾಗಿ ಇರುವುದಿಲ್ಲ. ಒಂದು, ಐದು, ಮೂರು, ಆರು, ಎರಡು, ನಾಲ್ಕು. ಆ ಕ್ರಮವನ್ನು ಆಶಿಷ ಕುಪ್ಪರಿಗೆ ಒಮ್ಮೆ ಮಾತ್ರ ಹೇಳಿದ್ದರು. ಅದು ಆಗಲೇ ಕೂಗಿನೊಳಗೆ ಸೇರಿಕೊಂಡಿತ್ತು. ಐದನೇ ಮನೆಯ ಸೊಸೆ ಮೂರನೇ ಮನೆಗೆ ಉಪ್ಪು ಕೇಳಲು ಹೋದಳು, ಮೂರನೇ ಮನೆಯವಳು ಆರನೇ ಮನೆಗೆ ಕಳಿಸಿದಳು. ಹೀಗೆ ಒಂದು ಓಣಿಯೇ ಎದ್ದು ನಿಂತಿತು. ಸಾಲುಗಳನ್ನು ಅವರು ಅಲ್ಲಿಯೇ ಕಟ್ಟುತ್ತಿದ್ದರು. ಬಡಿತ ಎಷ್ಟು ಹೊತ್ತು ನಡೆಯುತ್ತದೋ ಅಷ್ಟು ಉದ್ದದ ಸಾಲು. ಮೂರನೆಯ ಗೇಣಿನಲ್ಲಿ ಎಂಜಿನ್ ಸ್ವಲ್ಪ ಗಟ್ಟಿಯಾಗಿ ಬಂದು ಬಡಿತ ಉದ್ದವಾದಾಗ, ಸೊಸೆಯ ಕೈಗೆ ಒಂದು ಬಟ್ಟಲು ಬಂತು, ಬಟ್ಟಲಿಗೆ ಒಂದು ಒಡಕು ಬಂತು, ಒಡಕಿನಿಂದ ಉಪ್ಪು ಸೋರಿತು, ಅಲ್ಲಿಗೆ ಬಡಿತ ನಿಂತಿತು.

ರಂಪಣಿಯ ಕೂಗಿನಲ್ಲಿ ಹೇಳುವವನ ಸಾಲು ಕೈಗಳಿಗೆ ವಿಶ್ರಾಂತಿ, ಉತ್ತರ ದುಡಿಮೆ. ಈ ಕರಾವಳಿಯಲ್ಲಿ ನಾನು ಮುದ್ರಿಸಿಕೊಂಡ ಕೂಗುಗಳೆಲ್ಲವೂ ಹಾಗೆಯೇ ಇವೆ. ಕುಪ್ಪ ಆ ಎರಡನ್ನೂ ಅದಲುಬದಲು ಮಾಡಿದ್ದರು, ಮತ್ತು ಜೀವಮಾನವಿಡೀ ಒಂದೇ ರೀತಿ ಎಳೆದ ಕೈಗಳು ಆ ಬೆಳಿಗ್ಗೆಯೇ ಅದನ್ನು ಒಪ್ಪಿಕೊಂಡಿದ್ದವು. ಸಮುದ್ರದಿಂದ ಮೀನಿನ ಹಿಂಡನ್ನೇ ಎಳೆದು ತಂದ ಕೈಗಳು ಒಂದು ಗೇಣು ಎಳೆದು ನಿಲ್ಲುತ್ತಿದ್ದವು. ಹಗ್ಗದ ಇನ್ನೊಂದು ತುದಿಯಲ್ಲಿ, ಮರದ ಗೋಡೆಯ ಆಚೆ, ಯಾರೂ ಕಾಣದ ಹನ್ನೆರಡು ಬಾಗಿಲುಗಳು ಅವರ ಉಸಿರಿಗೆ ಮುಚ್ಚಿ ತೆರೆಯುತ್ತಿದ್ದವು. ನನಗೆ ಅಲ್ಲಿ ನಿಂತಿರಲು ಹೆದರಿಕೆಯೇ ಆಯಿತು. ಕೆಮ್ಮಿದರೆ ಏನಾದರೂ ಮುರಿದೀತು ಎಂಬ ಹೆದರಿಕೆ.

ಕೊನೆಯದಾದ ನಾಲ್ಕನೆಯ ಮನೆಯ ನಟ್ಟು ಬಿಗಿದು ಆಶಿಷ ಹೊರಗೆ ಬಂದಾಗ ನೀರು ರಾಟೆಯ ಕೆಳಗಂಚನ್ನು ಮುಟ್ಟುತ್ತಿತ್ತು.

"ಒಮ್ಮೆ ಪೂರ್ತಿ ತಿರುಗಿಸಿ ನೋಡಬೇಕು ಮಾಮಾ. ಎಲ್ಲಿಯೂ ತಾಗೂದಿಲ್ಲ ಅಂತ ಗೊತ್ತಾಗಬೇಕು."

"ಹೊತ್ತಿಲ್ಲ" ಎಂದ ರೂಪೇಶ. "ಪಂಖ ಕೂರಿಸೂದಿದೆ ಇನ್ನೂ."

"ನೋಡದೆ ಬಿಡೂದಿಲ್ಲ ನಾನು" ಎಂದರು ಆಶಿಷ.

ಎಲ್ಲರೂ ಮಂಗಲಾ ಕಡೆ ನೋಡಿದರು. ಅವಳು ಮೊದಲ ಸಲ ನೀರಿನಿಂದ ಮುಖ ತಿರುಗಿಸಿದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು. "ತಿರುಗ್ಸಿ" ಎಂದಳು. "ನಡು ಸಮುದ್ರದಲ್ಲಿ ನಿಂತ್ರೆ ಇವರನ್ನ ಎಳೀಲಿಕ್ಕೆ ಯಾರ ಹಗ್ಗ ಹೋಗ್ತದೆ? ಬಾಬಾ, ನಿಮ್ಮ ಹಳೇದು ಹಾಕಿ. ಬೇಗ ಆಗ್ತದೆ."

ಕುಪ್ಪ ಮಗಳನ್ನು ನೋಡಿದರು. ಆಮೇಲೆ ಎದೆಯ ಮೇಲಿದ್ದ ಕೈ ತೆಗೆದು, ಎರಡೂ ಕೈಗಳಿಂದ ಹಗ್ಗ ಹಿಡಿದು, ತಲೆ ಹಿಂದಕ್ಕೆ ಮಾಡಿ ಕೂಗಿದರು.

ಆ ಕೂಗಿಗೆ ನನ್ನ ಮುದ್ರಣದಲ್ಲಿ ಧ್ವನಿ ಒಡೆದಿದೆ. ಯಂತ್ರಕ್ಕೆ ಅದನ್ನು ಹಿಡಿಯಲು ಆಗಿಲ್ಲ. ನದಿಯ ಆಚೆ ದಡದಲ್ಲಿ ದೋಣಿ ತೊಳೆಯುತ್ತಿದ್ದವರು ನೆಟ್ಟಗೆ ನಿಂತು ನೋಡಿದ್ದು ನೆನಪಿದೆ. "ಹೋಯ್!" ಎಂದು ಸಾಲು ಒಂದು ಹೆಜ್ಜೆ ಹಾರಿತು. ಮತ್ತೊಂದು. ರಸ್ತೆಯಲ್ಲಿ ಹೋಗುತ್ತಿದ್ದವರು ಇಬ್ಬರು ಓಡಿ ಬಂದು ಕೇಳದೆಯೇ ಹಗ್ಗದ ತುದಿ ಹಿಡಿದರು. ನಾಗಿ ಅಳುತ್ತ ನಗುತ್ತ ಎಳೆಯುತ್ತಿದ್ದರು. ರಾಟೆ ಗಿರಗಿರನೆ ತಿರುಗಿತು, ಒಳಗೆ ಎಂಜಿನ್ ಎಲ್ಲಿಯೂ ತಡೆಯದೆ, ತಾಗದೆ, ಎಣ್ಣೆಯ ಮೆತ್ತನೆಯ ಸದ್ದಿನೊಂದಿಗೆ ಸುತ್ತು ಮುಗಿಸಿತು. ಆಶಿಷ ಕೈ ಎತ್ತಿ ತೋರಿಸಿದರು. ಕುಪ್ಪ ಉಸಿರು ತೆಗೆದುಕೊಂಡರು, ಎಳೆತ ನಿಂತಿತು.

ಪಂಖವನ್ನು ರೂಪೇಶ ಸೊಂಟದ ನೀರಿನಲ್ಲಿ ನಿಂತು ಕೂರಿಸಿದ. ಎಂಜಿನ್ ತಣಿಯಲು ಹೊರಗಿನ ನೀರೇ ಬೇಕಾದ್ದರಿಂದ ಬೋಟು ತೇಲಿದ ಮೇಲೆಯೇ ಅದನ್ನು ಚಾಲೂ ಮಾಡಬೇಕು. ಆನಿಕೆಗಳನ್ನು ಒಂದೊಂದಾಗಿ ತಟ್ಟಿ ತೆಗೆದರು. ಬೋಟು ಒಮ್ಮೆ ಮಗ್ಗುಲಿಗೆ ವಾಲಿ, ನೆಟ್ಟಗಾಗಿ, ಹಿಂದಕ್ಕೆ ಜಾರಿ ತೇಲಿತು. ಖಲಾಸಿಗಳು ತಮ್ಮ ಗಂಟುಗಳೊಂದಿಗೆ ದಂಡೆಯ ಮೇಲೆ ನಿಂತಿದ್ದರು. ಯಾರೂ ಇನ್ನೂ ಬೋಟು ಹತ್ತಿರಲಿಲ್ಲ.

ಸ್ಟಾರ್ಟರ್ ತಿರುಗಿತು. ಬಿಳಿ ಹೊಗೆ ಬಂತು, ನಿಂತಿತು. ಮತ್ತೆ ತಿರುಗಿತು. ಈ ಸಲ ಹೊಗೆ ಕಪ್ಪಾಗಿ ಬಂದು ತೆಳುವಾಯಿತು, ಮತ್ತು ಎಂಜಿನ್ ಹಿಡಿಯಿತು. ಆಶಿಷ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಹೆಡ್ಡಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಆರೂ ಮನೆಗಳ ಮೇಲೆ ಕೇಳುತ್ತ ಹೋದರು. ಬಡಿತವಿರಲಿಲ್ಲ. ಖಲಾಸಿಗಳಲ್ಲಿ ಹಿರಿಯವನು ತನ್ನ ಗಂಟನ್ನು ಬೋಟಿನೊಳಗೆ ಎಸೆದು ನೀರಿಗಿಳಿದ. ಉಳಿದವರು ಅವನ ಹಿಂದೆ ಹೋದರು.

ಮಂಗಲಾ ನೀರಿನಲ್ಲಿ ನಿಂತಲ್ಲಿಯೇ ಎರಡೂ ಕೈಗಳಿಂದ ಮುಖ ಒರೆಸಿಕೊಂಡಳು.

ದಂಡೆಯ ಮೇಲೆ ಹಗ್ಗ ಸುತ್ತಿಡುತ್ತಿದ್ದ ಕುಪ್ಪರ ಬಳಿ ಹೋಗಿ, ಆ ಆರು ಸಾಲುಗಳನ್ನು ಕಟ್ಟಿದವರು ಯಾರೆಂದು ಬರೆಯಲಿ ಎಂದು ಕೇಳಿದೆ. ಅವರ ದನಿ ಪೂರ್ತಿ ಹೋಗಿತ್ತು. ಪಿಸುಮಾತಿನಲ್ಲಿ ಹೇಳಿದರು: "ಮಾತು ನನ್ನದು. ಎಷ್ಟು ಉದ್ದ ಅನ್ನೂದು ಮಿಸ್ತ್ರಿದು. ಇಬ್ಬರ ಹೆಸರೂ ಹಾಕಿ."

"ನನ್ನದು ಬೇಡ, ನಾನು ಬಡಿದದ್ದು ಅಷ್ಟೇ" ಎಂದರು ಆಶಿಷ.

"ನೀ ಸುಮ್ನಿರು" ಎಂದರು ನಾಗಿ. "ನೀ ಬಾಯಿ ಬಿಟ್ಟಾಗೆಲ್ಲ ಎಂತಾಯ್ತು ಅಂತ ಕಂಡಿದ್ದೇವೆ."

ನನ್ನ ಸಂಗ್ರಹದಲ್ಲಿ ನಮೂದಿಸಿದ್ದು ಇಷ್ಟು: 2023ರ ಆಗಸ್ಟ್ 2, ಬುಧವಾರ, ಸದಾಶಿವಗಡ, ಕಾಳಿ ನದಿಯ ದಂಡೆ. ಬೋಟಿನ ಎಂಜಿನ್ನಿನ ಟ್ಯಾಪೆಟ್ ಇಡುವಾಗಿನ ಎಳೆತದ ಕೂಗು, ಆರು ಸಾಲು. ಕಟ್ಟಿದವರು ಮಾಜಾಳಿಯ ಕುಪ್ಪ ಹರಿಕಂತ್ರ ಮತ್ತು ಅಂಕೋಲೆಯ ಆಶಿಷ ಗಾಂವಕರ. ಬೋಟು ಅದೇ ದಿನ ಮಧ್ಯಾಹ್ನದ ಉಬ್ಬರದಲ್ಲಿ ನೀರಿಗಿಳಿದು, ಸಂಜೆ ಸಮುದ್ರಕ್ಕೆ ಹೋಯಿತು.